ನೀಲಿಗಟ್ಟಿದ ಪ್ಲೇಟು

ಇವತ್ತು ರಾಯಚೂರಿನ ಈ ಬಿಸಿಲಾಗ ಬಿಚ್ಚಿದ ಒಂದು ಬೈಕಿನ ಕ್ಲಚ್. ಕವರ್ ತೆಗೆದ ಕೂಡ್ಲೇ ಸುಟ್ಟ ವಾಸನೆ. ಉಕ್ಕಿನ ಪ್ಲೇಟಿನ ಮೇಲೆ ನೀಲಿ ಕಲೆ, ಥೇಟ್ ನವಿಲುಗರಿ ಬಣ್ಣ.

ಎಕ್ಸಲೇಟರ್ ಕೊಟ್ರ ಇಂಜಿನ್ ಒದರ್ತದ, ಗಾಡಿ ಮಾತ್ರ ಎಳಿಯಂಗಿಲ್ಲ. ಪ್ಲೇಟು ಜಾರ್ತಾವ ಅಂತ ಅರ್ಥ.

ಆದ್ರ ಬಿಚ್ಚೋದಕ್ಕ ಮೊದ್ಲು ಕೇಬಲ್ ನೋಡ್ರಿ. ಹೆಚ್ಚಿನ ಬೈಕಿನಾಗ ಲಿವರ್ ತುದಿಗೆ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಪೂರಾ ಬಿಗಿ ಇದ್ರ ಕ್ಲಚ್ ಅರ್ಧ ಒತ್ತಿದಂಗೇ ಇರ್ತದ, ಹೊಸ ಪ್ಲೇಟೂ ಸುಟ್ಟು ಹೋಗ್ತಾವ.

ಇನ್ನ ಆಯಿಲ್. ಕಾರಿನ ಆಯಿಲ್ ಬ್ಯಾಡ್ರಿ. ಘರ್ಷಣೆ ಕಡಿಮಿ ಮಾಡೋ ವಸ್ತು ಅದರಾಗ ಇದ್ರ, ಆಯಿಲ್‌ನಾಗೇ ಮುಳುಗಿರೋ ಈ ಪ್ಲೇಟು ಹಿಡಿತ ಬಿಡ್ತಾವ. ಡಬ್ಬಿ ಮೇಲೆ ಜಾಸೋ (JASO, ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಇಲ್ಲಾ ಎಂಎ2 ಅಂತ ಇರಬೇಕು.

ಹೊಸ ಪ್ಲೇಟು ಒಣಾ ಹಾಕಬ್ಯಾಡ್ರಿ, ಅದೇ ಆಯಿಲ್‌ನಾಗ ನೆನಸ್ರಿ. ಉಕ್ಕಿನ ಪ್ಲೇಟು ಗಾಜಿನ ಮೇಲಿಟ್ಟು ನೋಡ್ರಿ, ಅಲುಗಾಡಿದ್ರ ಡೊಂಕಾಗ್ಯಾದ. ಸ್ಪ್ರಿಂಗ್ ಹಳೇವೇ ಹಾಕೋದು ನನಗಂತೂ ಒಪ್ಪಿಗಿಲ್ಲ: ಕಾವಿಗೆ ಕುಗ್ಗಿದ ಸ್ಪ್ರಿಂಗ್ ಹೊಸ ಪ್ಲೇಟನ್ನೂ ಗಟ್ಟಿ ಒತ್ತಂಗಿಲ್ಲ. ಬೋಲ್ಟು ಎದುರುಬದುರು, ಸ್ವಲ್ಪ ಸ್ವಲ್ಪ ಬಿಗೀರಿ.

ಬಾಸ್ಕೆಟ್ಟಿನ, ಅಂದ್ರ ಪ್ಲೇಟು ಕೂಡೋ ಬುಟ್ಟಿಯ, ಹಲ್ಲಿನ ಮೇಲೆ ಉಗುರು ಆಡಿಸ್ರಿ. ತಗ್ಗು ತಾಕಿತಂದ್ರ ಅಲ್ಲೇ ಪ್ಲೇಟು ಸಿಕ್ಕಿ, ಲಿವರ್ ಒತ್ತಿದ್ರೂ ಗಾಡಿ ಮುಂದಕ್ಕ ಜಗ್ತದ.