ಶಾಲೆ, ಅಂಗನವಾಡಿ ಅಂಗಳದ ಬಿಸಿಲು: ನೆರಳು ಅಳೆದು ಮಾಡುವ ಏರ್ಪಾಡು

ಏಪ್ರಿಲ್ ಬಂತೆಂದರೆ ಕೋಲಾರದ ಕಡೆ ಯಾರಿಗೂ ಬಿಸಿಲಿನ ಪಾಠ ಬೇಕಿಲ್ಲ, ಮಕ್ಕಳನ್ನು ತಾವೇ ಒಳಗೆ ಕೂರಿಸುತ್ತಾರೆ. ಪಿಟಿ ನೋಡಿಕೊಳ್ಳುವ ನಮ್ಮಂಥವರು ಎಡವುವುದು ಆಗಸ್ಟ್‌ನಲ್ಲಿ. ಸ್ವಾತಂತ್ರ್ಯ ದಿನದ ಡ್ರಿಲ್, ಕ್ರೀಡಾಕೂಟದ ತಯಾರಿ ಎರಡೂ ಆಗಲೇ. ಮೋಡ, ಗಾಳಿ ಇರುತ್ತದೆ, ಉಷ್ಣಾಂಶ 30ರ ಆಸುಪಾಸು. ಸೆಕೆ ಇಲ್ಲವಲ್ಲ ಎಂದು ಗಂಟೆಗಟ್ಟಲೆ ಬಯಲಲ್ಲಿ ನಿಲ್ಲಿಸಿಬಿಡುತ್ತೇವೆ.

ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಸಲ ನಡುನೆತ್ತಿಗೆ ಬರುತ್ತಾನೆ: ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ಸೆಕೆ ಬೇರೆ, ಚರ್ಮಕ್ಕೂ ಕಣ್ಣಿಗೂ ಪೆಟ್ಟು ಕೊಡುವ ಅತಿನೇರಳೆ ಕಿರಣ ಬೇರೆ. ತೆಳುಮೋಡ ಸೆಕೆ ತಗ್ಗಿಸುತ್ತದೆ, ಆ ಕಿರಣದ ಬಹುಪಾಲನ್ನು ಹಾಗೇ ಬಿಡುತ್ತದೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಎಂದು ತೋರಿಸುವುದು ಇದನ್ನೇ. 3 ದಾಟಿದರೆ ಎಚ್ಚರಿಕೆ ಶುರು, 8ರ ಮೇಲೆ ತೀವ್ರ. ಆಕಾಶ ತಿಳಿಯಾಗಿದ್ದರೆ ನಮ್ಮಲ್ಲಿ ವರ್ಷದ ಹೆಚ್ಚಿನ ತಿಂಗಳು ಮಧ್ಯಾಹ್ನ 8 ದಾಟುತ್ತದೆ.

ಆ್ಯಪ್ ಇಲ್ಲದಿದ್ದರೆ ಮಗುವಿನ ನೆರಳನ್ನೇ ನೋಡಿ. ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರು. ಏಪ್ರಿಲ್, ಆಗಸ್ಟ್‌ಗಳಲ್ಲಿ ಇದು ಹೆಚ್ಚುಕಡಿಮೆ 9.15ರಿಂದ 3.20ರವರೆಗೆ, ಅಂದರೆ ಶಾಲಾ ದಿನದ ಬಹುಪಾಲು. ಡಿಸೆಂಬರ್‌ನಲ್ಲಿ 10.30ರಿಂದ 2 ಗಂಟೆವರೆಗೆ ಅಷ್ಟೆ. ಡ್ರಿಲ್ ಅನ್ನು ಬೆಳಿಗ್ಗೆ ಮೊದಲ ಕೆಲಸವಾಗಿ ಇಲ್ಲವೇ 3.30ರ ನಂತರ ಇಟ್ಟುಕೊಳ್ಳಿ.

ಖರ್ಚಿಲ್ಲದೆ ಆಗುವ ದೊಡ್ಡ ಕೆಲಸ ಪ್ರಾರ್ಥನೆಯ ಜಾಗ ಬದಲಿಸುವುದು. ಎಷ್ಟೋ ಕಡೆ ಮೇಷ್ಟ್ರುಗಳು ಜಗುಲಿಯ ನೆರಳಲ್ಲಿ, ಮಕ್ಕಳು ಎದುರಿನ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಬೆಳಿಗ್ಗೆ ಕಟ್ಟಡದ ನೆರಳು ಬೀಳುವುದು ಪಶ್ಚಿಮಕ್ಕೆ. 12 ಅಡಿ ಎತ್ತರದ ಕಟ್ಟಡವಾದರೆ ಆಗಸ್ಟ್‌ನಲ್ಲಿ 9.30ಕ್ಕೆ 10 ಅಡಿಯಷ್ಟು ನೆರಳು ಸಿಗುತ್ತದೆ, 10 ಗಂಟೆಗೆ 8 ಅಡಿ. ಉದ್ದುದ್ದ ಸಾಲು ಬಿಟ್ಟು ಗೋಡೆಯುದ್ದಕ್ಕೂ ಮೂರು ನಾಲ್ಕು ಅಡ್ಡಸಾಲು ಮಾಡಿದರೆ ಚಿಕ್ಕ ಶಾಲೆಯ ಮಕ್ಕಳೆಲ್ಲ ಹಿಡಿಸುತ್ತಾರೆ. ಜಾಗವೇ ಇಲ್ಲವೆಂದರೆ ಸಾಲನ್ನು ಪಶ್ಚಿಮಕ್ಕೆ ತಿರುಗಿಸಿ, ಕಣ್ಣಿಗಾದರೂ ನೇರ ಬಿಸಿಲು ತಪ್ಪುತ್ತದೆ.

ಇನ್ನು ತಟ್ಟೆ ತೊಳೆಯುವ ನಲ್ಲಿ. ಸೂರ್ಯ ನೆತ್ತಿಗೆ ಬರುವುದು 12.20ರ ಹೊತ್ತಿಗೆ, ಬಿಸಿಯೂಟ ಅದರ ಬೆನ್ನಿಗೇ. ಊಟ ನೆರಳಲ್ಲೇ ಆದರೂ ತಟ್ಟೆ ಹಿಡಿದು ಸರದಿ ನಿಲ್ಲುವುದು ಬಯಲಲ್ಲಿ, ಅದೂ ಕಿರಣವನ್ನು ವಾಪಸ್ ಎಸೆಯುವ ಸಿಮೆಂಟ್ ಕಟ್ಟೆಯ ಮೇಲೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಹತ್ತಿರ ಒಂದೇ ಒಂದು ಶೇಡ್ ನೆಟ್‌ಗೆ ದುಡ್ಡಿದ್ದರೆ ಅದು ಮೊದಲು ಇಲ್ಲಿಗೆ ಬರಲಿ.

ನೆಟ್ ತರುವಾಗ ಟೊಮೆಟೊ ನರ್ಸರಿಯಲ್ಲಿ ಉಳಿದ 50 ಪರ್ಸೆಂಟ್ ನೆಟ್ ಪುಕ್ಕಟೆ ಸಿಗುತ್ತದೆಂದು ಒಪ್ಪಿಕೊಳ್ಳಬೇಡಿ. ಅದು ಸಸಿಗೆ ಬೆಳಕು ಬೇಕೆಂದು ಅರ್ಧ ಬಿಸಿಲನ್ನು ಒಳಗೆ ಬಿಡಲೆಂದೇ ಮಾಡಿದ್ದು. ಮಕ್ಕಳಿಗೆ 90 ಪರ್ಸೆಂಟ್‌ನದು ಬೇಕು. ಕಟ್ಟುವಾಗ ಎಲ್ಲರೂ ಮಾಡುವ ತಪ್ಪೆಂದರೆ ಮಕ್ಕಳು ಕೂರುವ ಜಾಗದ ನೇರ ಮೇಲೆ ಬಿಗಿಯುವುದು. 9 ಅಡಿ ಎತ್ತರದ ನೆಟ್ಟಿನ ನೆರಳು ಬೆಳಿಗ್ಗೆ 10ಕ್ಕೆ 6 ಅಡಿ ಪಶ್ಚಿಮಕ್ಕೆ ಸರಿದಿರುತ್ತದೆ. ಬೆಳಗಿನ ಬಳಕೆಗಾದರೆ ಅಷ್ಟೇ ಪೂರ್ವಕ್ಕೆ ಸರಿಸಿ ಕಟ್ಟಿ, ಮಧ್ಯಾಹ್ನದ ನಲ್ಲಿಗೆ ನೇರ ಮೇಲೆ ಸಾಕು. ಅಂಚನ್ನು ಮಡಿಚಿ, ಮಡಿಕೆಯೊಳಗೆ ಹಗ್ಗ ಪೋಣಿಸಿ ಬಿಗಿಯಿರಿ. ಬರೀ ತೂತಿಗೆ ತಂತಿ ಸುತ್ತಿದರೆ ಮೇ ತಿಂಗಳ ಮೊದಲ ಬಿರುಗಾಳಿಗೇ ಹರಿದು ನೇತಾಡುತ್ತದೆ. ಮರ ನೆಡುವುದಾದರೆ ಹೊಂಗೆಗೆ ನನ್ನ ಓಟು: ಸುಡುಬೇಸಿಗೆಯಲ್ಲಿ ಹೊಸ ಚಿಗುರು ತುಂಬಿಕೊಂಡಿರುತ್ತದೆ. ನೀಲಗಿರಿ ಎಷ್ಟು ಎತ್ತರ ಬೆಳೆದರೂ ನೆರಳು ತೆಳು.

ಟೋಪಿ ವಿಷಯದಲ್ಲಿ ಆಸ್ಟ್ರೇಲಿಯಾದ ಶಾಲೆಗಳದು ಗಟ್ಟಿ ನಿಯಮ, ಟೋಪಿ ಇಲ್ಲದವರಿಗೆ ಬಯಲಲ್ಲಿ ಆಟವಿಲ್ಲ. ಅಲ್ಲಿನ ಬಿಳಿ ಚರ್ಮಕ್ಕಿರುವಷ್ಟು ಕ್ಯಾನ್ಸರ್ ಭಯ ನಮ್ಮ ಮಕ್ಕಳಿಗಿಲ್ಲ, ಆದರೆ ಮೈಬಣ್ಣ ಕಾಯುವುದು ಚರ್ಮವನ್ನು, ಕಣ್ಣನ್ನಲ್ಲ. ಕ್ರಿಕೆಟ್ ಕ್ಯಾಪ್ ಕಿವಿ, ಕತ್ತಿನ ಹಿಂಭಾಗ ಮುಚ್ಚುವುದಿಲ್ಲ. ಸುತ್ತಲೂ ಕನಿಷ್ಠ 5 ಸೆಂ.ಮೀ. ಅಂಚಿರುವ ಬಟ್ಟೆ ಟೋಪಿ ಸಾಕು. ಅಂಗನವಾಡಿ ಮಕ್ಕಳ ಟೋಪಿಗೆ ಗದ್ದಕ್ಕೆ ಕಟ್ಟುವ ದಾರ ಬೇಡ, ಜಾರುಬಂಡೆಯಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗುತ್ತದೆ. ಒಳಗೆ ಎಲಾಸ್ಟಿಕ್ ಹೊಲಿಸಿ. ಹೇನು ಹರಡಬಹುದಾದ್ದರಿಂದ ಟೋಪಿ ಅದಲುಬದಲು ಮಾಡಿಸಬೇಡಿ. ತಗಡಿನ ಜಾರುಬಂಡೆಗೆ ಸಹಾಯಕಿ ಮುಂಗೈ ಹಿಂಭಾಗವನ್ನು 5 ಸೆಕೆಂಡ್ ಒತ್ತಿ ನೋಡಲಿ. ತಡೆಯಲಾಗದಿದ್ದರೆ ಆವತ್ತು ಅದು ಬಂದ್.

ಸನ್‌ಸ್ಕ್ರೀನ್ ಎಲ್ಲರಿಗೂ ಹಚ್ಚುವುದು ಸರ್ಕಾರಿ ಶಾಲೆಗೆ ಆಗದ ಮಾತು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಅದರ ಬದಲಿಯಲ್ಲ. ಆದರೆ ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಗುವಿಗೆ, ತೊನ್ನು ಇರುವ ಮಗುವಿಗೆ ಸನ್‌ಸ್ಕ್ರೀನ್ ಬೇಕೇ ಬೇಕು: ಎಸ್‌ಪಿಎಫ್ (ಡಬ್ಬಿಯ ಮೇಲಿರುವ ರಕ್ಷಣೆಯ ಅಂಕಿ) 30 ಅಥವಾ ಹೆಚ್ಚಿನದು, ಹೊರಗೆ ಹೋಗುವ 20 ನಿಮಿಷ ಮೊದಲು, ಮುಖ ಕತ್ತಿಗೆ ಅರ್ಧ ಚಮಚ. ಇಂಥ ಮಗುವಿಗೆ ಯೂನಿಫಾರ್ಮ್ ನಿಯಮ ಸಡಿಲಿಸಿ ತುಂಬುತೋಳಿನ ಅಂಗಿಗೆ ಎಚ್ಚೆಂ ಬರಹದಲ್ಲೇ ಅನುಮತಿ ಕೊಡಲಿ, ಇಲ್ಲದಿದ್ದರೆ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರು ಅಂಗಿ ಬದಲಿಸಿಕೊಂಡು ಬಾ ಎಂದು ಮನೆಗೆ ಕಳಿಸುತ್ತಾರೆ. ಮೈ ಬೆಳ್ಳಗಿರುವ ಮಗುವಿಗೆ ದೃಷ್ಟಿಯೂ ಮಂದವಿರುವುದುಂಟು. ಕೂರಿಸುವುದು ಮುಂದಿನ ಸಾಲಿನಲ್ಲಿ, ಕಿಟಕಿಗೆ ಬೆನ್ನಾಗಿ.