ನಸುಕಿನ ನಾಲ್ಕು ಗಂಟೆಯ ಕೆಂಪು ದೀಪ: ಬಾವಿಯ ಉಪ್ಪು ಮಾಪಕದ ಮೂರನೆಯ ವರದಿ

ಹನ್ನೊಂದು ದಿನ ಸತಾಯಿಸಿದ ದೋಷ ಕೊನೆಗೂ ಕೈಗೆ ಸಿಕ್ಕಿತು. ದ್ವೀಪದ ಕುಡಿಯುವ ನೀರಿನ ಬಾವಿಗೆ ಇಳಿಬಿಟ್ಟ ವಾಹಕತೆ ಮಾಪಕವು (ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆದು ಉಪ್ಪಿನ ಪ್ರಮಾಣ ಹೇಳುವ ಉಪಕರಣ) ದಿನವೂ ಬೆಳಗಿನ ಜಾವ ನಾಲ್ಕರ ಆಸುಪಾಸಿನಲ್ಲಿ ನೀರು ಉಪ್ಪಾಗುತ್ತಿದೆಯೆಂದು ಕೆಂಪು ದೀಪ ಹೊತ್ತಿಸುತ್ತಿತ್ತು. ಬಿಸಿಲೇರುತ್ತಿದ್ದಂತೆ ತಾನೇ ಆರಿಹೋಗುತ್ತಿತ್ತು. ಬೆಸುಗೆ, ಸೌರಫಲಕ, ದೂರಕ್ಕೆ ಅಳತೆ ಕಳಿಸುವ ಲೋರಾ ರೇಡಿಯೋ ಸಂಪರ್ಕ, ನೇರ ವಿದ್ಯುತ್ತಿನ ಬದಲು 1 ಕಿಲೋಹರ್ಟ್ಸ್ ಪರ್ಯಾಯ (ಎಸಿ) ವಿದ್ಯುತ್ತನ್ನು ಹಾಯಿಸಿ ವಿದ್ಯುದಗ್ರಗಳನ್ನು, ಅಂದರೆ ನೀರಿನಲ್ಲಿ ಮುಳುಗಿರುವ ಲೋಹದ ತುದಿಗಳನ್ನು, ಕಾಪಾಡುವುದು, ಇವೆಲ್ಲ ನಿಮಗೆ ತಿಳಿದ ಕೆಲಸಗಳಾದ್ದರಿಂದ ಅವನ್ನು ಬಿಟ್ಟು ಈ ಒಂದು ತೊಡಕಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಇದನ್ನು ಸಣ್ಣ ದೋಷವೆಂದು ನಾನು ಎಣಿಸಲಿಲ್ಲ. ಚಿಕ್ಕ ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ, ಮಸೂರದ (ಲೆನ್ಸಿನ) ಆಕಾರದ ತೆಳುವಾದ ಪದರ. ಸಮುದ್ರಮಟ್ಟ ಏರಿದರೂ, ಮಳೆ ತಪ್ಪಿದರೂ, ಅಲೆಗಳು ದಡ ಮೀರಿ ಒಳನುಗ್ಗಿದರೂ ಅದು ಕೆಡುತ್ತದೆ. 2005ರಲ್ಲಿ ಪರ್ಸಿ ಚಂಡಮಾರುತದ ಅಲೆಗಳು ಕುಕ್ ದ್ವೀಪಸಮೂಹದ ಪುಕಪುಕಾವನ್ನು ಹೊಕ್ಕಾಗ ಅಲ್ಲಿನ ಅಂತರ್ಜಲ ಮತ್ತೆ ಕುಡಿಯುವಂತಾಗಲು ಸುಮಾರು 11 ತಿಂಗಳು ಹಿಡಿಯಿತು. ಉಪ್ಪು ಕಾಯಿಸಿದರೆ ಹೋಗುವಂಥದ್ದಲ್ಲ, ಕ್ಲೋರಿನ್ ಹಾಕಿದರೂ ಹೋಗುವುದಿಲ್ಲ. ಕಾಯಿಸಿದಷ್ಟೂ ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಾಢವಾಗುತ್ತದೆ. ಬಾಂಗ್ಲಾದೇಶದ ಕರಾವಳಿಯ ದಾಕೋಪ್‌ನಲ್ಲಿ ನಡೆದ ಅಧ್ಯಯನಗಳು ಕುಡಿಯುವ ನೀರಿನ ಉಪ್ಪಿಗೂ ಗರ್ಭಿಣಿಯರ ಏರು ರಕ್ತದೊತ್ತಡಕ್ಕೂ ನಂಟಿರುವುದನ್ನು ಕಂಡಿವೆ. ನಮ್ಮ ದೀಪ ಎಲ್ಲರಿಗಿಂತ ಮೊದಲು ಎಚ್ಚರಿಸಬೇಕಾದದ್ದು ಅಂಥವರನ್ನೇ. ಆದರೆ ಐದನೆಯ ದಿನದ ಹೊತ್ತಿಗೆ ಬಾವಿಗೆ ಬರುವವರು ದೀಪದತ್ತ ನೋಡುವುದನ್ನೇ ಬಿಟ್ಟಿದ್ದರು, ಮತ್ತು ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿತು.

ಮೊದಲು ವಿದ್ಯುದಗ್ರಗಳ ಮೇಲೆ ಪಾಚಿ ಕಟ್ಟಿದೆಯೆಂದುಕೊಂಡು ಅವನ್ನು ವಿನೆಗರ್‌ನಲ್ಲಿ ನೆನೆಸಿ ತೊಳೆದೆ. ಆಮೇಲೆ 1413 ಮೈಕ್ರೋಸೀಮೆನ್ಸ್‌ನ (ವಾಹಕತೆಯ ಏಕಮಾನ; ಮುಂದಿನ ಅಂಕಿಗಳೂ ಇದರಲ್ಲೇ) ಮಾನಕ ದ್ರಾವಣದಲ್ಲಿ ಮರುಹೊಂದಾಣಿಕೆಗೆ ಕುಳಿತರೆ ಮೂರು ಸಲ ಮೂರು ಅಂಕಿ ಬಂದವು. ಪೂರೈಕೆದಾರ ಕಳಿಸಿದ ಸೀಸೆಯ ಮುದ್ರೆ ಸಡಿಲವಾಗಿತ್ತು, ದ್ರಾವಣ ಕತ್ತಿನವರೆಗೂ ಇರಲಿಲ್ಲ. ನೀರು ಆವಿಯಾಗಿ ಅದು ಗಾಢವಾಗಿತ್ತೆಂಬುದು ಸ್ಪಷ್ಟ. ಪತ್ರ ಬರೆದರೆ ‘ಸಾಗಣೆಯಲ್ಲಿ ಹೀಗಾಗುವುದುಂಟು’ ಎಂಬ ಉತ್ತರ ಬಂತು. ಜನರು ಕುಡಿಯುವ ನೀರನ್ನು ಅಳೆಯಲು ಮಾರುವ ವಸ್ತುವಿನ ವಿಷಯದಲ್ಲಿ ಇಂಥ ಉಡಾಫೆಯನ್ನು ನಾನು ಒಪ್ಪಲಾರೆ. ಹೊಸ ಸೀಸೆ ಬರುವವರೆಗೆ ನಾಲ್ಕು ದಿನ ವ್ಯರ್ಥವಾದವು. ಬಂದ ಮೇಲೆ ಮಾಪಕ ಸರಿಯಾಗಿ 1413 ತೋರಿಸಿತು, ಕೆಂಪು ದೀಪ ಮಾತ್ರ ಎಂದಿನಂತೆ ನಾಲ್ಕಕ್ಕೇ ಹೊತ್ತಿತು.

ಮುಂದಿನ ಅನುಮಾನ ಭರತದ ಮೇಲೆ. ಸಮುದ್ರ ಉಬ್ಬಿದಾಗ ಬಾವಿಯಲ್ಲೂ ಉಪ್ಪು ತುಸು ಏರುವುದು ಸಹಜ. ದಾರಿ ತೋರಿಸಿದ್ದು ಆರೋಗ್ಯ ಕಾರ್ಯಕರ್ತೆಯ ನೋಟ್‌ಬುಕ್. ದೀಪ ಹೊತ್ತಿದ ಹೊತ್ತನ್ನು ಅವರು ದಿನವೂ ಒಂದರ ಕೆಳಗೊಂದು ಬರೆದಿಟ್ಟಿದ್ದರು: 4.05, 3.50, 4.10, 4.00. ಭರತವಾಗಿದ್ದರೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತ ಹನ್ನೊಂದು ದಿನದಲ್ಲಿ ಒಂಬತ್ತು ಗಂಟೆ ಜರುಗಿರಬೇಕಿತ್ತು. ಗಡಿಯಾರ ಹಿಡಿದು ಬರುವುದು ಚಂದ್ರನಲ್ಲ, ಸೂರ್ಯ.

ಅಂದು ನಸುಕಿನಲ್ಲಿ ಟಾರ್ಚ್ ಹಿಡಿದು ಬಾವಿಕಟ್ಟೆಗೆ ಹೋದೆ. ಕೆಂಪು ದೀಪ ಉರಿಯುತ್ತಿತ್ತು, ಪರದೆಯ ಮೇಲೆ 1028. ಹಗ್ಗ ಕಟ್ಟಿದ ಸೀಸೆಯಲ್ಲಿ ನೀರೆತ್ತಿ ಕೈಮಾಪಕದಿಂದ ಅಳೆದರೆ 950, ನೀರಿನ ತಾಪ 28 ಡಿಗ್ರಿ. ಪೆಟ್ಟಿಗೆ ತೆರೆಯಲು ಕೈಯಿಟ್ಟಾಗ ಮುಚ್ಚಳ ಇಬ್ಬನಿಯಿಂದ ತೊಯ್ದು ತಣ್ಣಗಿತ್ತು. ಅಲ್ಲೇ ಹೊಳೆಯಿತು. ತಾಪ ಸಂವೇದಕವನ್ನು ನಾನು ನೀರಿನಲ್ಲಿಟ್ಟಿರಲಿಲ್ಲ. ತಂತಿ ಉಳಿಸಲೆಂದು ಮುಚ್ಚಳದ ಒಳಗೆ ಅಂಟಿಸಿದ್ದೆ.

ಲೆಕ್ಕ ಹಾಕಿದಾಗ ಎಲ್ಲವೂ ಹೊಂದಿಕೊಂಡಿತು. ವಾಹಕತೆ ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು ಏರುವುದರಿಂದ ಅಳತೆಯನ್ನು 25 ಡಿಗ್ರಿಯಲ್ಲಿ ಎಷ್ಟಿರುತ್ತಿತ್ತೋ ಅಷ್ಟಕ್ಕೆ ಸರಿಹೊಂದಿಸಿ ಹೇಳುತ್ತೇವೆ. ಯಂತ್ರ ಮುಚ್ಚಳದ ತಾಪವನ್ನೇ ನೀರಿನ ತಾಪವೆಂದು ನಂಬಿ ಈ ಲೆಕ್ಕ ಮಾಡುತ್ತಿತ್ತು. ಮುಚ್ಚಳ 24 ಡಿಗ್ರಿಗೆ ತಣಿದಾಗ 28 ಡಿಗ್ರಿಯ ನೀರಿನ 950 ಸುಳ್ಳಾಗಿ 1028 ಆಗಿ, ನಾನು ಇಟ್ಟ 1000ದ ಮಿತಿಯನ್ನು ದಾಟುತ್ತಿತ್ತು. ನನ್ನನ್ನು ನಿಜಕ್ಕೂ ಬೆಚ್ಚಿಸಿದ್ದು ಹಗಲಿನ ಲೆಕ್ಕ. ಬಿಸಿಲಿಗೆ ಮುಚ್ಚಳ 46 ಡಿಗ್ರಿಗೆ ಕಾದಾಗ, ನೀರಿನ ನಿಜವಾದ ಅಳತೆ 1300 ಇದ್ದರೂ ಯಂತ್ರ 970 ಎಂದು ತೋರಿಸಿ ಸುಮ್ಮನಿರುತ್ತಿತ್ತು. ಜನರು ಕೊಡ ತುಂಬಿಸುವ ಹೊತ್ತಿನಲ್ಲೇ ಅದು ಕುರುಡಾಗಿತ್ತು.

ಸಂವೇದಕವನ್ನು ವಿದ್ಯುದಗ್ರದ ಪಕ್ಕಕ್ಕೆ ಇಳಿಸಿದೆ. ಜಲನಿರೋಧಕವೆಂದು ಮಾರಿದ ಮೊದಲನೆಯದಕ್ಕೆ ಮೂರೇ ದಿನದಲ್ಲಿ ನೀರು ಹೊಕ್ಕಿತು. ಎರಡನೆಯದರ ತಂತಿ ಸೇರುವ ಬಾಯಿಗೆ ನಾನೇ ಎಪಾಕ್ಸಿ ಅಂಟು ತುಂಬಿದೆ, ಒಂಬತ್ತು ದಿನದಿಂದ ಗಟ್ಟಿಯಾಗಿದೆ. ಈಗ ರೇಖಾಚಿತ್ರದಲ್ಲಿ 950ರ ಆಚೀಚೆ ಹದಿನೈದರಷ್ಟು ಏರಿಳಿತವಿದ್ದು, ಅದರ ಶಿಖರ ದಿನದಿನವೂ ಐವತ್ತು ನಿಮಿಷದಷ್ಟು ಸರಿಯುತ್ತಿದೆ. ಭರತದ ನಿಜವಾದ ಹೆಜ್ಜೆಗುರುತು ಇದು. ಮೊದಲ ಸಲ ಕಂಡಾಗ ಬಹಳ ಹೊತ್ತು ನೋಡುತ್ತ ಕುಳಿತೆ.

ಇದರ ಜೊತೆಗೆ, ಉಪ್ಪು ಮಿತಿಯೊಳಗಿದ್ದಾಗ ಹೊತ್ತುತ್ತಿದ್ದ ಹಸಿರು ದೀಪವನ್ನು ಕಿತ್ತುಹಾಕಿದ್ದೇನೆ. ಉಪ್ಪು ಕಡಿಮೆಯಿದೆಯೆಂದರೆ ರೋಗಾಣುಗಳಿಲ್ಲವೆಂದು ಅರ್ಥವಲ್ಲ. ಪ್ರವಾಹದ ಮರುದಿನ ಹಸಿರು ದೀಪ ನೋಡಿ ಯಾರಾದರೂ ಹಾಗೆಯೇ ನೀರು ಕುಡಿದರೆ ಆ ಹೊಣೆ ನನ್ನದಾಗುತ್ತದೆ. ಪಕ್ಕದ ಫಲಕದಲ್ಲಿ ಇನ್ನೊಂದು ಸಾಲನ್ನೂ ಬರೆಸಿದ್ದೇವೆ: ಕೆಂಪು ಹೊತ್ತಿದರೆ ಪಂಪು ಹಾಕಿ ಬಾವಿ ಬರಿದು ಮಾಡಬೇಡಿ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಬಾವಿಗಳನ್ನು ಮತ್ತೆ ಮತ್ತೆ ಬರಿದು ಮಾಡಿದ ಕಡೆ ತಳದ ಉಪ್ಪುನೀರು ಇನ್ನಷ್ಟು ಮೇಲೆದ್ದಿತ್ತು.

ಮುಂದಿನ ಕೆಲಸ ಆಗಲೇ ಮೇಜಿನ ಮೇಲಿದೆ. ಬಾವಿ ಉಪ್ಪಾದರೆ ಜನ ಮಳೆನೀರನ್ನು ತೊಟ್ಟಿ, ಪೀಪಾಯಿಗಳಲ್ಲಿ ಕೂಡಿಡುತ್ತಾರೆ. ಮುಚ್ಚದ ಪೀಪಾಯಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಆದ್ದರಿಂದ ಛಾವಣಿಯ ಮೊದಲ ಕೊಳಕು ನೀರನ್ನು ಹೊರಗೆ ಕಳಿಸಿ, ಉಳಿದದ್ದನ್ನು ಬಲೆ ಹೊದೆಸಿದ ತೊಟ್ಟಿಗೆ ಬಿಡುವ, ಮುಚ್ಚಳ ತೆರೆದೇ ಉಳಿದರೆ ತಿಳಿಸುವ ಉಪಕರಣವೊಂದನ್ನು ಮಾಡುತ್ತಿದ್ದೇನೆ. ತೇಲುಗುಂಡಿನ ಕವಾಟ ಎಲೆಕಸಕ್ಕೆ ಸಿಕ್ಕಿಕೊಳ್ಳುತ್ತಿದೆ. ಯಾರಾದರೂ ಅದನ್ನು ಬಗೆಹರಿಸಿದ್ದರೆ ಕೊಳವೆಯ ವ್ಯಾಸ ಎಷ್ಟಿಟ್ಟಿರಿ ಎಂದು ತಿಳಿಸಿ.