ಯಾರು ಬೇಕಾದರೂ ತಿದ್ದಬಹುದಾದ ಕಡೆ ಜಗಳ ಆಗುವುದಿಲ್ಲವೇ?

ನಾನು ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತೇನೆ ಎಂದು ಗೊತ್ತಾದವರು ಮೊದಲು ಕೇಳುವುದು, ದುಡ್ಡು ಕೊಡ್ತಾರಾ ಅಂತ. ಇಲ್ಲ ಎಂದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ. ಯಾರು ಬರೆದದ್ದನ್ನಾದರೂ ಯಾರು ಬೇಕಾದರೂ ಬಂದು ಅಳಿಸಬಹುದು ಅಂದಮೇಲೆ ಅಲ್ಲಿ ದಿನಾ ಬೈದಾಟ ಆಗಲ್ವಾ? ಫೇಸ್‌ಬುಕ್ ಕಾಮೆಂಟುಗಳಲ್ಲಿ ಬೈಸಿಕೊಂಡು ಬೇಸತ್ತವರು ಇದನ್ನು ಕೇಳುವಾಗ ದನಿಯಲ್ಲಿ ಒಂದು ಆಸೆಯೂ ಇರುತ್ತದೆ. ಅವರಿಗಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಜಗಳ ಆಗುತ್ತದೆ. ಕವಿಯೊಬ್ಬರ ಹುಟ್ಟೂರು ಯಾವುದು, ಒಂದು ಜಾತಿಯ ಇತಿಹಾಸವನ್ನು ಯಾವ ಪುಸ್ತಕದ ಆಧಾರದ ಮೇಲೆ ಬರೆಯಬೇಕು, ನಟರ ಹೆಸರಿನ ಹಿಂದೆ ಬಿರುದು ಇರಬೇಕೇ ಬೇಡವೇ, ಹೀಗೆ ಎಲ್ಲದಕ್ಕೂ ವಾದ ಹುಟ್ಟುತ್ತದೆ. ಆದರೆ ವಾದ ಮಾಡುವುದಕ್ಕೊಂದು ಜಾಗ ಇದೆ. ಪ್ರತಿ ಲೇಖನಕ್ಕೂ ಒಂದು ಚರ್ಚೆಪುಟ ಅಂಟಿಕೊಂಡಿರುತ್ತದೆ. ಎಲ್ಲರಿಗೂ ಸಂಬಂಧಿಸಿದ ವಿಷಯವಾದರೆ ಅರಳಿ ಕಟ್ಟೆ ಎಂಬ ಪುಟಕ್ಕೆ ಬರಬೇಕು. ಹೇಳಿದ ಮಾತಿನ ಕೊನೆಗೆ ಸಹಿ ಹಾಕಬೇಕು, ಸಹಿಯ ಜೊತೆಗೆ ದಿನಾಂಕ, ಸಮಯವೂ ಬೀಳುತ್ತದೆ. ಲೇಖನದ ಇತಿಹಾಸ ತೆರೆದರೆ ಯಾರು ಯಾವಾಗ ಯಾವ ಪದ ಬದಲಿಸಿದರು ಎಂಬುದೆಲ್ಲ ಕಾಣುತ್ತದೆ. ಲೇಖನದಿಂದ ತೆಗೆದ ಸಾಲು ಹಳೆಯ ಆವೃತ್ತಿಯಲ್ಲಿ ಹಾಗೇ ಉಳಿದಿರುತ್ತದೆ, ಬೇಕಾದರೆ ವಾಪಸ್ ತರಬಹುದು. ತಾನು ಬರೆದದ್ದು ನಾಶವಾಗಿಲ್ಲ ಎಂದು ತಿಳಿದವರು ಅಷ್ಟು ಕೂಗಾಡುವುದಿಲ್ಲ. ಇದು ನಾನು ಮತ್ತೆ ಮತ್ತೆ ಕಂಡದ್ದು.

ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿಯಲ್ಲಿ, ಕನ್ನಡದ್ದು 2003ರ ಜೂನ್‌ನಲ್ಲಿ. ವಿಕಿಪೀಡಿಯಕ್ಕೆ ಐದು ಆಧಾರಸ್ತಂಭಗಳು ಎಂದು ಹೇಳುವುದುಂಟು. ನಾಲ್ಕನೆಯದು, ಸಂಪಾದಕರು (ಇಲ್ಲಿ ಬರೆಯುವ, ತಿದ್ದುವ ಎಲ್ಲರೂ ಸಂಪಾದಕರೇ) ಒಬ್ಬರನ್ನೊಬ್ಬರು ಗೌರವದಿಂದ, ಸಭ್ಯತೆಯಿಂದ ಕಾಣಬೇಕು ಎನ್ನುವುದು. ಎದುರಿಗಿರುವವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆಂದು ಮೊದಲು ನಂಬಿ, ಬರಹದ ಬಗ್ಗೆ ಮಾತಾಡಿ, ಬರೆದವರ ಬಗ್ಗೆ ಬೇಡ ಎಂಬ ನಡಾವಳಿಗಳೂ ಇದಕ್ಕೆ ಹೊಂದಿಕೊಂಡೇ ಬಂದಿವೆ. "ಈ ಇಸವಿಗೆ ಆಧಾರ ಎಲ್ಲಿದೆ?" ಎಂದು ಕೇಳಬಹುದು. "ನಿಮಗೆ ಇತಿಹಾಸ ಗೊತ್ತಾ?" ಎಂದು ಕೇಳಬಾರದು. ಆ ಕಡೆ ಕೂತಿರುವುದು ಪಿಯುಸಿ ಹುಡುಗಿಯೋ ನಿವೃತ್ತ ಪ್ರಾಧ್ಯಾಪಕರೋ ನಮಗೆ ತಿಳಿಯುವುದಿಲ್ಲ, ಆದ್ದರಿಂದ ಎಲ್ಲರೂ ಎಲ್ಲರಿಗೂ "ನೀವು" ಎನ್ನುತ್ತಾರೆ. ಇಷ್ಟರಿಂದಲೇ ಎಷ್ಟೋ ಮಾತು ಹದ ತಪ್ಪದೆ ಉಳಿಯುತ್ತದೆ.

ನಿಯಮ ಬರೆದಿಡುವುದು ಸುಲಭ. ಒಂದು ಬಳಗ ಒಳ್ಳೆಯದೋ ಅಲ್ಲವೋ ಎಂದು ನಾನು ಅಳೆಯುವುದು ಒಂದೇ ಒಂದು ಕಡೆ: ಹೊಸಬರು ಮೊದಲ ಸಲ ತಪ್ಪು ಮಾಡಿದಾಗ ಹಳಬರು ಏನು ಮಾಡುತ್ತಾರೆ?

ಇಂಗ್ಲಿಷ್ ವಿಕಿಪೀಡಿಯದ ಅನುಭವವೇ ಇದಕ್ಕೆ ಸಾಕ್ಷಿ. ಅಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಸಂಶೋಧಕ ಆರನ್ ಹಾಫೇಕರ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಕಂಡಂತೆ, ಹೊಸದಾಗಿ ಬರುವವರ ಗುಣಮಟ್ಟ ಕೆಟ್ಟಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹ ಮೊದಲಿಗಿಂತ ಹೆಚ್ಚಾಗಿ ತಿರಸ್ಕಾರವಾಗುತ್ತಿತ್ತು, ಹಾಗೆ ತಿರಸ್ಕೃತರಾದವರು ಮರಳಿ ಬರುತ್ತಿರಲಿಲ್ಲ. ಕಿಡಿಗೇಡಿಗಳನ್ನು ತಡೆಯಲು ಮಾಡಿಕೊಂಡ ಅರೆಸ್ವಯಂಚಾಲಿತ ಸಾಧನಗಳಿಗೂ ಇದರಲ್ಲಿ ಪಾಲಿತ್ತು. ಒಂದು ಗುಂಡಿ ಒತ್ತಿದರೆ ಬರಹ ರದ್ದಾಗಿ, ಸಿದ್ಧ ಎಚ್ಚರಿಕೆಯೊಂದು ಬರೆದವರ ಪುಟಕ್ಕೆ ಹೋಗಿ ಬೀಳುತ್ತಿತ್ತು. ಯಾರೂ ಬೈದಿರಲಿಲ್ಲ. ಯಾರೂ ಮಾತಾಡಿಸಿಯೂ ಇರಲಿಲ್ಲ. 2012ರಲ್ಲಿ ಅಲ್ಲಿ ಟೀಹೌಸ್ ಎಂಬ ಪುಟ ತೆರೆದದ್ದು ಈ ಕೊರತೆ ತುಂಬಲಿಕ್ಕೆ. ಹೊಸಬರು ಎಷ್ಟು ಸಣ್ಣ ಪ್ರಶ್ನೆಯನ್ನಾದರೂ ಕೇಳಬಹುದು, ಅನುಭವಿಗಳು ತಾಳ್ಮೆಯಿಂದ ಉತ್ತರಿಸುತ್ತಾರೆ.

ಇಂಗ್ಲಿಷಿನಲ್ಲಿ ನೂರು ಜನ ಬಿಟ್ಟುಹೋದರೆ ಇನ್ನೂರು ಜನ ಬಂದಾರು. ಕನ್ನಡದಲ್ಲಿ ನಿರಂತರವಾಗಿ ಬರೆಯುವವರು ಬೆರಳೆಣಿಕೆಯಷ್ಟು. ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ಮುನಿಸಿಕೊಂಡು ಹೋದರೆ ಗಿಡಮರಗಳ ಲೇಖನಗಳೇ ಅಲ್ಲಿಗೆ ನಿಂತುಬಿಡುತ್ತವೆ.

ನಮ್ಮಲ್ಲಿ ಇದು ಹೆಚ್ಚಾಗಿ ಎದುರಾಗುವುದು ಕಾಲೇಜು ವಿದ್ಯಾರ್ಥಿಗಳ ವಿಷಯದಲ್ಲಿ. ಅಸೈನ್‌ಮೆಂಟಿನ ಭಾಗವಾಗಿ ಒಂದು ತರಗತಿಗೆ ತರಗತಿಯೇ ಒಟ್ಟಿಗೆ ಬಂದು ಬರೆಯುತ್ತದೆ. ಕೆಲವರು ಪತ್ರಿಕೆಯ ಲೇಖನವನ್ನು ಇದ್ದ ಹಾಗೇ ತಂದು ಅಂಟಿಸುತ್ತಾರೆ. ಕೃತಿಸ್ವಾಮ್ಯ ಇರುವ ಬರಹವನ್ನು ಉಳಿಸಿಕೊಳ್ಳುವಂತಿಲ್ಲ, ತೆಗೆಯಲೇಬೇಕು. ಹೇಗೆ ತೆಗೆಯುತ್ತೇವೆ ಎನ್ನುವುದು ನಮಗೆ ಬಿಟ್ಟದ್ದು. ಏನೂ ಹೇಳದೆ ಅಳಿಸಿದರೆ ಆ ಹುಡುಗನಿಗೆ ಅಂಕ ಹೋದ ಸಂಕಟ ಮಾತ್ರ ಉಳಿಯುತ್ತದೆ. ನಾನು ಅವರ ಚರ್ಚೆಪುಟಕ್ಕೆ ಹೋಗಿ ಬರೆಯುತ್ತೇನೆ: "ನಮಸ್ಕಾರ. ನೀವು ಆರಿಸಿಕೊಂಡ ವಿಷಯ ಕನ್ನಡಕ್ಕೆ ಬೇಕಾದದ್ದೇ. ಆದರೆ ಇದು ಪತ್ರಿಕೆಯಲ್ಲಿ ಬಂದ ಲೇಖನದ ನಕಲು, ಹಾಗಾಗಿ ಇಡಲು ಬರುವುದಿಲ್ಲ. ಅದನ್ನು ಓದಿ ನಿಮ್ಮದೇ ಮಾತಿನಲ್ಲಿ ಹತ್ತು ಸಾಲು ಬರೆಯಿರಿ, ಪತ್ರಿಕೆಯನ್ನು ಉಲ್ಲೇಖವಾಗಿ ಕೊಡಿ. ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆದರೆ ನಾನು ನೋಡಿ ಹೇಳುತ್ತೇನೆ." ಬರೆಯಲು ಐದು ನಿಮಿಷ ಬೇಡ. ಹೀಗೆ ಬರೆಸಿಕೊಂಡವರೆಲ್ಲ ಉಳಿಯುವುದಿಲ್ಲ, ಬಹುತೇಕರು ಅಂಕ ಬಂದ ಮೇಲೆ ಈ ಕಡೆ ತಿರುಗಿ ನೋಡುವುದಿಲ್ಲ. ಅಪರೂಪಕ್ಕೆ ಒಬ್ಬರು ಪರೀಕ್ಷೆ ಮುಗಿಸಿ ಬಂದು ತಮ್ಮೂರಿನ ಕೆರೆಯ ಬಗ್ಗೆ ಬರೆಯುತ್ತಾರೆ. ಅವರು ಬರುವುದು ಅಂಕಕ್ಕಲ್ಲ, ತಮ್ಮನ್ನು ಮಾತಾಡಿಸಿದ ಜಾಗಕ್ಕೆ.

ಹಾಗೆಂದು ಎಲ್ಲವನ್ನೂ ಸಹಿಸುವುದು ದಯೆ ಅಲ್ಲ. ಈ ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮಹಿಳಾ ಸಂಪಾದಕರೊಬ್ಬರು ಹೋದ ಪುಟಕ್ಕೆಲ್ಲ ಬೆನ್ನು ಹತ್ತಿ ಹೋಗಿ ಕೆಣಕುವವನಿಗೆ ನಾವು ಹತ್ತನೆಯ ಅವಕಾಶ ಕೊಡುತ್ತಾ ಕೂತರೆ, ಆ ಔದಾರ್ಯದ ಬೆಲೆ ತೆರುವವರು ಅವರು, ನಾವಲ್ಲ. ವಿಕಿಪೀಡಿಯದ ಹಿಂದಿರುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಷನ್ನಿನ ಆಡಳಿತ ಮಂಡಳಿ ಒಪ್ಪಿದ ಸಾರ್ವತ್ರಿಕ ನೀತಿಸಂಹಿತೆ 2021ರ ಫೆಬ್ರವರಿಯಲ್ಲಿ ಹೊರಬಂತು. ಹೀಗೆ ಬೆನ್ನು ಹತ್ತುವುದು, ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ವಿವರ ಬಯಲು ಮಾಡುವುದು, ಬೆದರಿಸುವುದು, ಇವೆಲ್ಲ ಅದರಡಿ ನಿಷಿದ್ಧ. ಎಲ್ಲ ಭಾಷೆಯ ವಿಕಿಗಳಿಗೂ ಅದು ಅನ್ವಯಿಸುತ್ತದೆ.

ಎಲ್ಲ ಭಾಷೆಗೂ ಯಾಕೆ ಬೇಕಾಯಿತು ಎಂದರೆ, ಸಣ್ಣ ಬಳಗಗಳಿಗೆ ಇನ್ನೊಂದು ಅಪಾಯವಿದೆ. ಕ್ರೊಯೇಷಿಯನ್ ವಿಕಿಪೀಡಿಯದಲ್ಲಿ ಕಟ್ಟಾ ರಾಷ್ಟ್ರೀಯವಾದಿಗಳ ಸಣ್ಣ ಗುಂಪೊಂದು ಆಡಳಿತವನ್ನೇ ಕೈಗೆ ತೆಗೆದುಕೊಂಡು, ಒಪ್ಪದವರನ್ನು ನಿರ್ಬಂಧಿಸಿ ಹೊರಗಟ್ಟಿ, ಸುಮಾರು 2011ರಿಂದ 2020ರವರೆಗೆ ಇತಿಹಾಸದ ಲೇಖನಗಳನ್ನು ತಿರುಚಿತು. ಫೌಂಡೇಷನ್ 2021ರಲ್ಲಿ ಇದರ ಬಗ್ಗೆ ವರದಿಯನ್ನೇ ಪ್ರಕಟಿಸಿತು. ನಿರ್ವಾಹಕರು (ಪುಟ ಅಳಿಸುವ, ಬರೆಯುವವರನ್ನು ನಿರ್ಬಂಧಿಸುವ ಅಧಿಕಾರ ಇರುವವರು) ನಾಲ್ಕೈದು ಜನ, ಎಲ್ಲರೂ ಸ್ನೇಹಿತರು, ಹೊರಗಿನಿಂದ ಕೇಳುವವರಿಲ್ಲ ಎಂಬ ಸ್ಥಿತಿಯಲ್ಲಿ ಒಳಗಿನವರ ಸೌಜನ್ಯವೇ ಹೊರಗಿನವರಿಗೆ ಗೋಡೆಯಾಗುತ್ತದೆ. ಕನ್ನಡದಲ್ಲಿ ಯಾರನ್ನಾದರೂ ನಿರ್ಬಂಧಿಸಬೇಕಾಗಿ ಬಂದಾಗ ಕಾರಣವನ್ನು ಎಲ್ಲರೂ ಓದುವಂತೆ ಬರೆಯಬೇಕು, ಯಾವ ಬದಲಾವಣೆಗೆ ಎಂದು ತೋರಿಸಬೇಕು ಎಂದು ನಾನು ಪಟ್ಟು ಹಿಡಿಯುವುದು ಅದಕ್ಕೇ. ಆ ವ್ಯಕ್ತಿ ನನಗೆ ಇಷ್ಟವಿಲ್ಲದವರಾದರೂ ಸರಿ.

ನೀವು ಒಮ್ಮೆ ಬರೆದು, ಅದು ರದ್ದಾಗಿ, ಮನಸ್ಸು ಮುರಿದುಕೊಂಡು ಬಿಟ್ಟವರಾಗಿದ್ದರೆ ಲೇಖನದ ಇತಿಹಾಸ ತೆರೆದು ನೋಡಿ. ರದ್ದು ಮಾಡಿದವರು ಸಾರಾಂಶದಲ್ಲಿ, ಅಂದರೆ ಆ ಬದಲಾವಣೆಯ ಪಕ್ಕದಲ್ಲಿ ಕಾಣುವ ಚಿಕ್ಕ ಟಿಪ್ಪಣಿಯಲ್ಲಿ, ಕಾರಣ ಬರೆದಿರಬಹುದು. ಬರೆದಿಲ್ಲವಾದರೆ ಚರ್ಚೆಪುಟದಲ್ಲಿ ಅವರ ಹೆಸರು ಹಿಡಿದು ಕೇಳಿ, ಕೇಳುವುದು ನಿಮ್ಮ ಹಕ್ಕು. ಅಲ್ಲೂ ಉತ್ತರ ಸಿಗದಿದ್ದರೆ ಅರಳಿ ಕಟ್ಟೆಗೆ ಬನ್ನಿ. ನಾವೆಲ್ಲ ಕೆಲಸ, ಮನೆ ಮುಗಿಸಿಕೊಂಡು ರಾತ್ರಿ ಬಂದು ಕೂರುವವರು, ಹಾಗಾಗಿ ಉತ್ತರ ಬರಲು ಎರಡು ಮೂರು ದಿನ ಹಿಡಿಯಬಹುದು.